ಡಾಂಗಲ್ ಒಳಗೊಂದು ರೌಟರ್ ಬೇಕೆ?

ಸಿಮ್ ಹಾಕಿ ಚುಚ್ಚುವ ಯುಎಸ್‌ಬಿ ಡಾಂಗಲ್‌ಗಳಲ್ಲಿ ಎರಡು ಜಾತಿ. ಒಂದು ಬರೀ ಮೋಡೆಮ್. ಸಂಪರ್ಕ ಕೂಡಿಸುವ ಕೆಲಸವೆಲ್ಲ ಕಂಪ್ಯೂಟರಿನದು. ಇನ್ನೊಂದು ಹೊಟ್ಟೆಯೊಳಗೇ ಪುಟ್ಟ ರೌಟರ್ ಇಟ್ಟುಕೊಂಡದ್ದು. ಕಂಪ್ಯೂಟರಿಗೆ ನೆಟ್‌ವರ್ಕ್ ಕಾರ್ಡಿನಂತೆ ಕಾಣುತ್ತದೆ. ಹುವಾವೇ ಕಂಪನಿ ಇದಕ್ಕೆ ಹೈಲಿಂಕ್ ಎಂದು ಹೆಸರಿಟ್ಟಿತು. ಅದರ ಇ3372 ಎರಡೂ ಬಗೆಯಲ್ಲಿ ಬಂತು: ಕೊನೆಗೆ ‘ಎಚ್’ ಇದ್ದರೆ ಹೈಲಿಂಕ್, ‘ಎಸ್’ ಇದ್ದರೆ ಮೋಡೆಮ್. ಲಿನಕ್ಸ್ ಬಳಸುವವರು ಯಾವುದನ್ನು ಕೊಳ್ಳಬೇಕು?

ಪರ

ನೆಟ್ ಸೆಟ್ಟರ್ ಎಂಬ ಹಳೆಯ ಡಾಂಗಲ್‌ಗಳ ಕಾಲ ಕಂಡವರಿಗೆ ಈ ಪ್ರಶ್ನೆಯೇ ಬೇಡ. ಚುಚ್ಚಿದ ಡಾಂಗಲ್ ಮೊದಲು ತಾನೊಂದು ಸಿ.ಡಿ. ಡ್ರೈವ್ ಎಂದು ಹೇಳಿಕೊಳ್ಳುತ್ತಿತ್ತು. ಅದರಲ್ಲಿದ್ದದ್ದು ವಿಂಡೋಸ್ ತಂತ್ರಾಂಶ. ಲಿನಕ್ಸ್‌ನಲ್ಲಿ ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ಉಪಕರಣದಿಂದ ಆ ವೇಷ ಕಳಚಿಸಬೇಕಿತ್ತು. ಕಳಚಿದರೆ ಮೂರು ನಾಲ್ಕು ಸೀರಿಯಲ್ ಪೋರ್ಟುಗಳು ಪ್ರತ್ಯಕ್ಷ, ಅವುಗಳಲ್ಲಿ ಡಯಲ್ ಮಾಡಬಲ್ಲದ್ದು ಯಾವುದೆಂದು ಹುಡುಕಬೇಕಿತ್ತು. ಡಯಲ್ ಮಾಡುವ ಸಂಖ್ಯೆ ಜಿಎಸ್‌ಎಂ ಆದರೆ *99#, ಸಿಡಿಎಂಎ ಆದರೆ #777 ಆಗಿತ್ತು. ಬಿಎಸ್‌ಎನ್‌ಎಲ್ ಸಿಮ್ಮಿಗೆ ‘ಬಿಎಸ್‌ಎನ್‌ಎಲ್‌ನೆಟ್’ ಎಂಬ ಎಪಿಎನ್ (ಕಂಪನಿಯ ಜಾಲಕ್ಕೆ ಹೊಗುವ ಬಾಗಿಲಿನ ಹೆಸರು). ಡಯಲ್ ಮಾಡುವ ತಂತ್ರಾಂಶ ಡಬ್ಲ್ಯೂವಿಡಯಲ್‌ನ ಕಡತದಲ್ಲಿ ‘ಸ್ಟುಪಿಡ್ ಮೋಡ್ = 1’ ಎಂದೂ ಬರೆಯಬೇಕಿತ್ತು; ಬೈಗುಳ ಯಾರಿಗೆಂದು ಮಾತ್ರ ಗೊತ್ತಾಗುತ್ತಿರಲಿಲ್ಲ!

ಹೈಲಿಂಕ್ ಡಾಂಗಲ್ಲಿಗೂ ವೇಷ ಕಳಚಿಸುವುದುಂಟು, ಆದರೆ ಇಂದಿನ ಉಬುಂಟು, ಫೆಡೋರಾಗಳು ಅದನ್ನು ತಾವೇ ಮಾಡಿ ಮುಗಿಸುತ್ತವೆ. ಆಮೇಲೆ ಅದು ಕರ್ನಲ್‌ಗೆ ಇನ್ನೊಂದು ಈಥರ್ನೆಟ್, ಅಷ್ಟೇ. ಎಪಿಎನ್ ಬದಲಿಸಬೇಕೆ? ಬ್ರೌಸರಿನಲ್ಲಿ 192.168.8.1 ತೆರೆದರಾಯಿತು. ಲಿನಕ್ಸ್‌ನಲ್ಲಿ ಮೋಡೆಮ್‌ಗಳನ್ನು ನೋಡಿಕೊಳ್ಳುವ ಮೋಡೆಮ್‌ಮ್ಯಾನೇಜರ್ ಅನ್ನು ಕಿತ್ತುಹಾಕಿದರೂ ನಡೆಯುತ್ತದೆ. ಸೀರಿಯಲ್ ಪೋರ್ಟ್ ಕಂಡಲ್ಲೆಲ್ಲ ‘ನೀನು ಮೋಡೆಮ್ಮೇ?’ ಎಂದು ಕೆದಕಿ ಅದು ಆರ್ಡುಯಿನೊ ಬೋರ್ಡು ಬಳಸುವ ಬಳಗಕ್ಕೆ ಕೊಟ್ಟ ಕಾಟ ಸಾಮಾನ್ಯದ್ದಲ್ಲ. ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಸಿಕೊಂಡ ಮೇಷ್ಟರಿಗೆ ಬೇಕಿರುವುದು ಇಂಟರ್ನೆಟ್ಟೇ ಹೊರತು ಮೋಡೆಮ್ಮಿನ ಒಡೆತನವಲ್ಲ.

ವಿರೋಧ

ಮೇಲಿನ ಪುರಾಣವೆಲ್ಲ ಪಿಪಿಪಿ ಡಯಲಿಂಗ್ ಕಾಲದ್ದು. 2012ರಲ್ಲಿ ಕರ್ನಲ್ 3.4ಕ್ಕೆ ಕ್ಯೂಎಂಐ ಎಂಬ ಮೋಡೆಮ್ ಭಾಷೆಯ ಚಾಲಕ ಬಂತು, ಮರುವರ್ಷ 3.8ಕ್ಕೆ ಎಂಬಿಐಎಂ ಎಂಬ ಇನ್ನೊಂದರದು. ಈ ಬಗೆಯ ಮೋಡೆಮ್‌ಗೆ ಪೋರ್ಟ್ ಹುಡುಕುವ, ಡಯಲ್ ಮಾಡುವ ಗೊಡವೆಯೇ ಇಲ್ಲ. ನೆಟ್‌ವರ್ಕ್‌ಮ್ಯಾನೇಜರಿನಲ್ಲಿ ದೇಶ, ಕಂಪನಿ ಆರಿಸಿದರೆ ಎಪಿಎನ್ ತಾನಾಗಿ ತುಂಬಿಕೊಳ್ಳುತ್ತದೆ. ಆರ್ಡುಯಿನೊ ಜಗಳಕ್ಕೆ ಯುಡೆವ್ ನಿಯಮದ ಒಂದು ಸಾಲು ಸಾಕು.

ಹೈಲಿಂಕ್‌ನ ನಿಜವಾದ ತೊಡಕು ಡಾಂಗಲ್ ಒಂದರಿಂದ ಎರಡಾದಾಗ ಕಾಣುತ್ತದೆ. ಒಂದು ಕಂಪನಿಯ ಸಿಗ್ನಲ್ ಬಿದ್ದರೆ ಇನ್ನೊಂದಿರಲಿ ಎಂದು ಎರಡನ್ನು ಚುಚ್ಚಿ ನೋಡಿ: ಎರಡೂ 192.168.8.1 ತಾನೇ ಎನ್ನುತ್ತವೆ. ಪ್ಯಾಕೆಟ್ ಯಾರ ಬಳಿ ಹೋಗಬೇಕು? ಬರೀ ಮೋಡೆಮ್ ಆದರೆ ಈ ಗೊಂದಲವಿಲ್ಲ. ಸಿಗ್ನಲ್ ಬಲ ಅಳೆಯುವುದು, ಬಿದ್ದ ಸಂಪರ್ಕವನ್ನು ಮತ್ತೆ ಎಬ್ಬಿಸುವುದು, ಎಸ್ಸೆಮ್ಮೆಸ್ ಓದುವುದು ಎಲ್ಲವೂ ಮೋಡೆಮ್‌ಮ್ಯಾನೇಜರಿನ ಎಂಎಂಸಿಎಲ್‌ಐ ಆದೇಶದಿಂದ ಸಾಧ್ಯ, ಸ್ಕ್ರಿಪ್ಟಿಗೂ ಒಗ್ಗುತ್ತದೆ. ಹೈಲಿಂಕ್‌ನಲ್ಲಿ ಇದೇ ಕೆಲಸಕ್ಕೆ ಅದರ ವೆಬ್ ಪುಟದ ಹಿಂಬಾಗಿಲಲ್ಲಿ ಟೋಕನ್ ಬೇಡುತ್ತ ನಿಲ್ಲಬೇಕು.

ಇನ್ನು ವಿಳಾಸದ ಮಾತು. ಮೊಬೈಲ್ ಕಂಪನಿ ಒಮ್ಮೆ ನ್ಯಾಟ್ (ವಿಳಾಸ ಬದಲಾವಣೆ) ಮಾಡಿರುತ್ತದೆ, ಡಾಂಗಲ್ ಅದರ ಮೇಲೆ ಇನ್ನೊಮ್ಮೆ ಮಾಡುತ್ತದೆ. ಬರೀ ಮೋಡೆಮ್ ಕೊಂಡರೂ ನಮ್ಮಲ್ಲಿ ಬಹಳಷ್ಟು ಸಲ ಸಾರ್ವಜನಿಕ ಐಪಿವಿ4 ವಿಳಾಸ ಸಿಗುವುದಿಲ್ಲ, ಒಪ್ಪಿದೆ. ಆದರೆ ಕಂಪನಿ ಐಪಿವಿ6 ಕೊಟ್ಟರೆ ಅದು ನೇರ ನಿಮ್ಮ ಯಂತ್ರಕ್ಕೇ ಬರುತ್ತದೆ; ಯಾವುದನ್ನು ಒಳಗೆ ಬಿಡಬೇಕೆಂದು ನಿಮ್ಮ ಫೈರ್‌ವಾಲ್ ತೀರ್ಮಾನಿಸುತ್ತದೆ. ಹೈಲಿಂಕ್‌ನಲ್ಲಿ ಆ ತೀರ್ಮಾನ ಮಾಡುವುದು ಡಾಂಗಲ್ ತಯಾರಿಸಿದ ಕಂಪನಿ ಅಪ್‌ಡೇಟ್ ಕೊಡುವುದನ್ನೇ ಮರೆತಿರಬಹುದಾದ ಫರ್ಮ್‌ವೇರ್.

ಮೇಷ್ಟರಿಗೆ ಹೈಲಿಂಕ್ ಸಾಕು, ನನ್ನ ತಕರಾರಿಲ್ಲ. ತೋಟದ ಮನೆಯಲ್ಲಿ ಕ್ಯಾಮೆರಾಕ್ಕೆಂದು ರಾಸ್ಪ್‌ಬೆರಿ ಪೈ ಇಡುವವರು ಕೊಳ್ಳುವ ಮೊದಲು ವಿವರಪಟ್ಟಿಯಲ್ಲಿ ಕ್ಯೂಎಂಐ ಅಥವಾ ಎಂಬಿಐಎಂ ಇದೆಯೇ ನೋಡಲಿ. ಅಂಗಡಿಯವನನ್ನು ಕೇಳಿ ಪ್ರಯೋಜನವಿಲ್ಲ. ಅವನು ತೋರಿಸುವುದು ಡಬ್ಬಿಯ ಮೇಲಿನ ‘4ಜಿ’ ಮಾತ್ರ.