ಹುಲ್ಲು ಕೊಯ್ಯಲು ನಮ್ಮವರು, ಇನ್ವರ್ಟರ್ ಮುಟ್ಟಲು ಹೊರಗಿನವರೇ?

ಪಾವಗಡದ ಬಿಸಿಲಿಗೆ ಈಗ ಬೆಲೆ ಬಂದಿದೆ. ತಿರುಮಣಿ, ವಳ್ಳೂರು, ಬಳಸಮುದ್ರದ ಸುತ್ತಮುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ನಿಂತಿದೆ. ಕಡಲೆಕಾಯಿ ಬೆಳೆಯುತ್ತಿದ್ದ ಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟೂ ಪ್ಯಾನೆಲ್.

ಜಮೀನು ಇದ್ದವರಿಗೆ ಗುತ್ತಿಗೆ ಹಣ ಬರುತ್ತದೆ. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುವಾದ ಆ ಹಣ ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರುತ್ತದೆ. ಜಮೀನು ಇಲ್ಲದವರಿಗೆ? ಕಳೆ ಕೀಳುವ, ಕಾಯಿ ಬಿಡಿಸುವ ಕೂಲಿ ಹೋಯಿತು. ಗುತ್ತಿಗೆಯಲ್ಲಿ ಅವರಿಗೆ ಪಾಲಿಲ್ಲ. ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ಪ್ಯಾನೆಲ್ ತೊಳೆಯುವ, ಹುಲ್ಲು ಕೊಯ್ಯುವ, ಗೇಟು ಕಾಯುವ ಕೆಲಸ. ಅದೂ ಎಲ್ಲರಿಗೂ ಸಿಗಲಿಲ್ಲ.

"ಕೆಲಸ ಕೊಟ್ಟಿದ್ದೇವಲ್ಲ" ಎಂಬ ಉತ್ತರ ನಮಗೆ ಸಾಲದು. ಊಟಕ್ಕೆ ಕರೆದು ಬೇರೆ ಪಂಕ್ತಿಯಲ್ಲಿ ಕೂರಿಸುವುದನ್ನು ನಮ್ಮ ಊರುಗಳು ಚೆನ್ನಾಗಿ ಬಲ್ಲವು. ಇದು ಕೆಲಸದ ಪಂಕ್ತಿಭೇದ.

ಒಳಗಿನ ಪಂಕ್ತಿಯ ಕೆಲಸ ಏನು? ಪ್ಯಾನೆಲ್ಲಿಗೆ ಸ್ವಿಚ್ ಇಲ್ಲ. ಬಿಸಿಲು ಇರುವ ತನಕ ಕರೆಂಟು ಹುಟ್ಟುತ್ತಲೇ ಇರುತ್ತದೆ. ದೊಡ್ಡ ಪ್ಲಾಂಟುಗಳಲ್ಲಿ ಪ್ಯಾನೆಲ್ ಸಾಲುಗಳು 1,000ದಿಂದ 1,500 ವೋಲ್ಟಿನ ಡಿಸಿ ಕರೆಂಟು ಹೊತ್ತಿರುತ್ತವೆ. ಕನೆಕ್ಟರ್ ಸಡಿಲವಾಗಿ ಕಿಡಿ ಹತ್ತಿದರೆ ಎಸಿ ಲೈನಿನ ಹಾಗೆ ಸುಲಭಕ್ಕೆ ಆರುವುದಿಲ್ಲ. ಯಾವ ಸಾಲು ಕಡಿಮೆ ಕರೆಂಟು ಕೊಡುತ್ತಿದೆ, ಇನ್ವರ್ಟರ್ ಯಾಕೆ ಟ್ರಿಪ್ ಆಯಿತು, ಕೇಬಲ್ಲಿನ ಇನ್ಸುಲೇಷನ್ ಎಲ್ಲಿ ಹೋಗಿದೆ ಎಂದು ಹುಡುಕುವವರೇ ತಂತ್ರಜ್ಞರು. ಸಂಬಳವೂ ಮರ್ಯಾದೆಯೂ ಇರುವುದು ಆ ಕೈಗಳಿಗೆ.

"ನಿಮ್ಮ ಹುಡುಗರಿಗೆ ಅದು ಬರೋದಿಲ್ಲ" ಎನ್ನುತ್ತಾರೆ. ಬೋರ್‌ವೆಲ್ ಮೋಟಾರು ಸುಟ್ಟರೆ ಎತ್ತಿ, ಬಿಚ್ಚಿ, ವೈಂಡಿಂಗ್ ಮಾಡಿ ಮತ್ತೆ ಇಳಿಸುವವರು ಯಾರು ಸ್ವಾಮಿ? ಹೋಬಳಿಗೊಬ್ಬ ಅಂಥವನಿದ್ದಾನೆ. ಬುದ್ಧಿಗೆ ಬರವಿಲ್ಲ. ಕಲಿಸುವ ಜಾಗಕ್ಕೆ ಬರ.

ಸರ್ಕಾರ ಏನೂ ಮಾಡಿಲ್ಲ ಎಂದಲ್ಲ. ಕೇಂದ್ರ ಸರ್ಕಾರ 2015ರಲ್ಲಿ ಸೂರ್ಯಮಿತ್ರ ತರಬೇತಿ ತಂದಿತು. 600 ಗಂಟೆ, ಸುಮಾರು ಮೂರು ತಿಂಗಳು, ಊಟ ವಸತಿ ಉಚಿತ. ಆದರೆ ಅದಕ್ಕೆ ಎಸ್ಸೆಸ್ಸೆಲ್ಸಿಯ ಜೊತೆಗೆ ಎಲೆಕ್ಟ್ರಿಷಿಯನ್, ಫಿಟ್ಟರ್‌ನಂಥ ಐಟಿಐ ಆಗಿರಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ಅವ್ವನ ಜೊತೆ ಕೂಲಿಗೆ ಹೋಗುವ ಹುಡುಗಿಗೆ ಆ ಬಾಗಿಲು ಮೊದಲೇ ಮುಚ್ಚಿದೆ. ಒಳಗೆ ಹೋದವರಿಗಾದರೂ ಮೂರು ತಿಂಗಳಲ್ಲಿ ಎಷ್ಟು ಕೈಪಳಗೀತು?

ಬೇರೆ ಕಡೆ ಹೇಗೆ ಮಾಡಿದ್ದಾರೆ ನೋಡಿ. ಅಮೆರಿಕದ ಅಯೋವಾ ರಾಜ್ಯ ನಮ್ಮ ಹಾಗೆಯೇ ಬೇಸಾಯದ ಸೀಮೆ, ಮೆಕ್ಕೆಜೋಳದ ಹೊಲಗಳ ನಾಡು. ಅಲ್ಲಿ ಗಾಳಿಯಂತ್ರಗಳು ಬಂದಾಗ ಅಯೋವಾ ಲೇಕ್ಸ್ ಎಂಬ ಸಮುದಾಯ ಕಾಲೇಜು 2004ರಲ್ಲಿ ಗಾಳಿಯಂತ್ರ ತಂತ್ರಜ್ಞರ ಕೋರ್ಸು ಶುರು ಮಾಡಿತು. ಮರುವರ್ಷವೇ 1.65 ಮೆಗಾವಾಟಿನ ನಿಜವಾದ ಗಾಳಿಯಂತ್ರವನ್ನು ತಾನೇ ನಿಲ್ಲಿಸಿತು. ವಿದ್ಯಾರ್ಥಿಗಳು ಕಲಿತದ್ದು ಅದರಲ್ಲಿ. ಸುತ್ತಲಿನವರು ಬಂದು ಕಲಿತು, ಸುತ್ತಲೇ ದುಡಿಯಲಿ ಎಂಬುದೇ ಸಮುದಾಯ ಕಾಲೇಜಿನ ಅರ್ಥ.

ಈ ಮಾತು ನಮಗೆ ಹೊಸದೇನಲ್ಲ. ಸ್ಥಳೀಯ ಉದ್ದಿಮೆಗಳನ್ನು ಜೊತೆಗಿಟ್ಟುಕೊಂಡು ಕೌಶಲ ಕಲಿಸುವ ಸಮುದಾಯ ಕಾಲೇಜುಗಳ ಯೋಜನೆಯನ್ನು ಯುಜಿಸಿ 2013ರಲ್ಲೇ ಮಾಡಿದೆ. ಹಾಗಿದ್ದ ಮೇಲೆ ಪಾವಗಡದ ಪಾರ್ಕಿನ ಪಕ್ಕದಲ್ಲಿ ಅಂಥ ಕಾಲೇಜು ಇರುವುದಕ್ಕಿಂತ ಸಹಜವಾದದ್ದು ಏನಿದೆ?

ಒಂದು ಮಾತು ಒಪ್ಪುತ್ತೇವೆ. ಕಟ್ಟಿ ಮುಗಿದ ಸೋಲಾರ್ ಪ್ಲಾಂಟಿಗೆ ಜನ ಬೇಕಾಗುವುದು ಕಡಿಮೆ. ಇರುವುದು ಕಡಿಮೆ ಎಂದ ಮೇಲೆ ಅದರಲ್ಲಿ ಊರಿನ ಪಾಲು ಮೊದಲು ಗಟ್ಟಿಯಾಗಬೇಕು. ಕಲಿತ ಕೈಗೆ ಪಾರ್ಕಿನ ಹೊರಗೂ ಕೆಲಸವಿದೆ. ಕುಸುಮ್ ಯೋಜನೆಯಲ್ಲಿ ಹೊಲಕ್ಕೆ ಸೋಲಾರ್ ಪಂಪು ಬರುತ್ತಿದೆ, ಸೂರ್ಯಘರ್ ಯೋಜನೆಯಲ್ಲಿ ಮಾಳಿಗೆಗೆ ಪ್ಯಾನೆಲ್ ಏರುತ್ತಿದೆ. ಪಂಪಿನ ಕಂಟ್ರೋಲರ್ ಕೆಟ್ಟರೆ ಬೆಳೆ ಒಣಗುವ ಮೊದಲು ರಿಪೇರಿ ಮಾಡುವವರು ಹೋಬಳಿಯಲ್ಲೇ ಬೇಡವೇ?

ನಾವು ಕೇಳುವುದು ಇಷ್ಟು. ಪಾವಗಡದಲ್ಲಿ ಎಸ್ಸೆಸ್ಸೆಲ್ಸಿ ಆದವರಿಗೆ ಎರಡು ವರ್ಷದ ಸೋಲಾರ್ ತಂತ್ರಜ್ಞರ ಕೋರ್ಸು ಬರಲಿ. ಕಲಿಯಲು ಪಾರ್ಕಿನದೇ ಒಂದು ಮೂಲೆ ಬಿಟ್ಟುಕೊಡಲಿ. ಮೊದಲ ಸೀಟು ಜಮೀನಿಲ್ಲದ ಮನೆಗಳ ಮಕ್ಕಳಿಗೆ ಸಿಗಲಿ, ಹೆಣ್ಣುಮಕ್ಕಳೂ ಅದರಲ್ಲಿರಲಿ. ಕೂಲಿ ಬಿಟ್ಟು ಕಲಿಯಲು ಬರುವವರಿಗೆ ತಿಂಗಳಿಗಿಷ್ಟು ಸ್ಟೈಪೆಂಡ್ ಕೊಡಲಿ.

ಗದಗ, ಚಿತ್ರದುರ್ಗದ ಕಡೆ ಗಾಳಿಯಂತ್ರ ಬಂದಿರುವ ಊರಿನವರೂ, ನಾಳೆ ಸೋಲಾರ್ ಬರಲಿರುವ ಊರಿನವರೂ ಕೇಳಿಸಿಕೊಳ್ಳಿ. ಕಂಪನಿಯವರು ಗುತ್ತಿಗೆ ಪತ್ರ ಹಿಡಿದು ಬಂದಾಗ ಎಕರೆಗೆ ಎಷ್ಟು ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಎಷ್ಟು ಮಕ್ಕಳಿಗೆ ಕಲಿಸುತ್ತೀರಿ, ಎಷ್ಟು ಜನರನ್ನು ಒಳಗೆ ತೆಗೆದುಕೊಳ್ಳುತ್ತೀರಿ ಎಂದು ಗ್ರಾಮಸಭೆಯಲ್ಲೇ ಕೇಳಿ. ಉತ್ತರವನ್ನು ಕರಾರಿನಲ್ಲಿ ಬರೆಸಿ.

ಈ ವಿದ್ಯುತ್ತಿನ ಮಾರಾಟದ ಒಪ್ಪಂದಗಳು 25 ವರ್ಷದವು. ಅಷ್ಟೂ ವರ್ಷ ದೀಪದ ಬುಡದಲ್ಲಿ ಕತ್ತಲು ಬೇಡ.