ಪೊಳ್ಳು ಕೊಂಬೆ, ಗಟ್ಟಿ ಕೊಂಬೆ

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮನೆಯ ಹಿತ್ತಲಿಗೆ ಕಾಡು ತಾಗಿಕೊಂಡಿದ್ದರೆ, ಅಲ್ಲಿ ಹನಿಸಕಲ್ ಪೊದೆ ಇರುವ ಸಂಭವ ಉಂಟು. ಅದನ್ನು ಉಳಿಸಬೇಕೋ ಕೀಳಬೇಕೋ ಎಂಬ ಪ್ರಶ್ನೆಗೆ ಎರಡೂ ಉತ್ತರ ಸರಿಯೇ. ಯಾವ ಜಾತಿಯೆಂಬುದನ್ನು ಮೊದಲು ತಿಳಿಯಬೇಕಷ್ಟೆ.

ಈ ಕುಲಕ್ಕೆ ಲೋನಿಸೆರಾ ಎಂಬ ಹೆಸರು 16ನೆಯ ಶತಮಾನದ ಜರ್ಮನ್ ಸಸ್ಯಜ್ಞ ಆಡಂ ಲೋನಿಟ್ಸರನಿಂದ ಬಂದುದು. ಆ ನೆಲದ ಸ್ವಂತ ಪೊದೆ ಲೋನಿಸೆರಾ ಕೆನಡೆನ್ಸಿಸ್. ಸುಮಾರು 3ರಿಂದ 5 ಅಡಿ ಎತ್ತರ, ವಿರಳ ಕೊಂಬೆ; ಚಳಿಗಾಲಕ್ಕೆ ಎಲೆಯುದುರಿಸುತ್ತದೆ. ಏಷ್ಯಾದಿಂದ ಅಲಂಕಾರಕ್ಕೆಂದು ತಂದ ಟಾಟಾರಿಕಾ, ಮೊರೋವಿಯೈ, ಮಾಕಿಯೈ ಜಾತಿಗಳು ಇದಕ್ಕಿಂತ ಬಹಳ ಎತ್ತರಕ್ಕೆ ಬೆಳೆಯುತ್ತವೆ. ಉಳಿದ ಗಿಡಗಳಿಗಿಂತ ಮೊದಲೇ ಎಲೆ ತಳೆದು, ತಡವಾಗಿ ಉದುರಿಸುವುದರಿಂದ ಕೆಳಗಿನ ಕಾಡುಹೂಗಳಿಗೆ ಬೆಳಕೇ ಸಿಗದು. ಅಮೆರಿಕದಿಂದ ಬಂದ ಲಂಟಾನ ನಮ್ಮ ಬಂಡೀಪುರದಲ್ಲಿ ಮಾಡಿರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಲಂಟಾನವೂ ಹೂವಿನ ಚೆಲುವಿಗೆಂದೇ ಬಂದುದಲ್ಲವೇ!

ಗುರುತಿಸಲು ಬಲಿತ ಕೊಂಬೆಯೊಂದನ್ನು ಕತ್ತರಿಸಿ ನೋಡಬೇಕು. ನಡುವಿನ ತಿರುಳು ಬಿಳಿಯಾಗಿ ತುಂಬಿದ್ದರೆ ಸ್ಥಳೀಯ ಜಾತಿ, ಪೊಳ್ಳಾಗಿದ್ದರೆ ಪರದೇಶಿ. ಎಳೆಯ ಚಿಗುರನ್ನು ನಂಬಬಾರದು. ಕೆನಡೆನ್ಸಿಸ್‌ನ ಎಲೆಯಂಚಿನಲ್ಲಿ ನವುರಾದ ರೋಮಗಳಿರುತ್ತವೆ. ತಿಳಿಹಳದಿ ಹೂಗಳು ಏಪ್ರಿಲ್, ಮೇ ತಿಂಗಳಲ್ಲಿ ಜೋಡಿಯಾಗಿ ಕೆಳಮುಖವಾಗಿ ತೂಗುತ್ತವೆ. ಅನಂತರ ಬರುವ ಕೆಂಪು ಹಣ್ಣುಗಳೂ ಜೋಡಿಯೇ, ತುಸು ಉದ್ದನೆಯವು. ಅವು ಹಕ್ಕಿಗಳಿಗಿರಲಿ, ಮಕ್ಕಳ ಬಾಯಿಗೆ ಬೇಡ.

ಬೆಳೆಸುವವರು ತಂಪಾದ, ಅರೆನೆರಳಿನ ಜಾಗವನ್ನು ಆರಿಸಬೇಕು. ಎಲೆಗೊಬ್ಬರ ಬೆರೆತ, ತೇವವಿದ್ದೂ ನೀರು ನಿಲ್ಲದ ಮಣ್ಣು ಇದಕ್ಕೆ ಪ್ರಿಯ, ಉರಿಬಿಸಿಲು ಒಗ್ಗದು. ಹಣ್ಣಿನ ತಿರುಳು ತೊಳೆದು ಬೀಜವನ್ನು ಶರತ್ಕಾಲದಲ್ಲೇ ಹೊರಗೆ ಬಿತ್ತಿದರೆ ಚಳಿಗಾಲವೇ ಅದನ್ನು ಮೊಳಕೆಗೆ ಅಣಿಗೊಳಿಸುತ್ತದೆ. ಒದ್ದೆ ಮರಳಿನಲ್ಲಿ ಬೆರೆಸಿ 2-3 ತಿಂಗಳು ಫ್ರಿಜ್ಜಿನಲ್ಲಿಡುವುದೂ ಉಂಟು. ಕಾಡಿನ ಗಿಡವನ್ನು ಕಿತ್ತು ತರುವುದನ್ನು ನಾವು ಒಪ್ಪೆವು. ನರ್ಸರಿಯಲ್ಲಿ ಕೊಳ್ಳುವವರು ಬರಿಯ ‘ಹನಿಸಕಲ್’ ಎನ್ನದೆ ಶಾಸ್ತ್ರೀಯ ಹೆಸರನ್ನೇ ಕೇಳಬೇಕು.

ಪರದೇಶಿ ಪೊದೆಯನ್ನು ಬರಿದೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಚಿಕ್ಕವನ್ನು ಮಳೆ ಬಿದ್ದ ಮರುದಿನ, ನೆಲ ಮೆತ್ತಗಿರುವಾಗ, ಬೇರುಸಹಿತ ಎಳೆಯುವುದು ಸುಲಭ.