ಅನ್ನದ ಪೊಟ್ಟಣದ ಮುಂದಿನ ಹೆಜ್ಜೆ

ಬೀದಿಯಲ್ಲಿ ಮಲಗುವವರಿಗೆ ಊಟ ಹಂಚುವ ಸ್ವಯಂಸೇವಕರ ಬಗ್ಗೆ ಒಂದು ಆಕ್ಷೇಪವಿದೆ: ಹೀಗೆ ಕೊಡುತ್ತಾ ಹೋದರೆ ಜನ ದುಡಿಯುವುದನ್ನೇ ಬಿಟ್ಟು ಬೀದಿಯಲ್ಲೇ ಉಳಿದುಬಿಡುತ್ತಾರೆ ಎಂದು. ಹಾಗೆನ್ನುವವರು ನಸುಕಿನಲ್ಲಿ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೋ ಕಲಾಸಿಪಾಳ್ಯಕ್ಕೋ ಹೋಗಿ ನೋಡಬೇಕು. ಅಂಗಡಿಗಳ ಮುಂದೆ ಮಲಗಿದ್ದವರೇ ತರಕಾರಿ ಲಾರಿ ಬಂದೊಡನೆ ಎದ್ದು ಮೂಟೆ ಹೊರುತ್ತಾರೆ. ಛತ್ರಗಳಲ್ಲಿ ಪಾತ್ರೆ ತೊಳೆಯುವವರು, ಚಿಂದಿ ಆಯುವವರು, ಗಾರೆ ಕೆಲಸದವರು ಇವರಲ್ಲಿದ್ದಾರೆ. ಇವರಿಗೆ ದುಡಿಮೆ ಇದೆ. ಬಾಡಿಗೆ ಕೋಣೆಗೆ ಮುಂಗಡ ಕೊಡುವಷ್ಟು ಉಳಿತಾಯವಿಲ್ಲ. ಇನ್ನುಳಿದವರನ್ನು ಬೀದಿಗೆ ತಂದದ್ದು ಮನೆಯೊಳಗಿನ ಹೊಡೆತ, ಮನೋರೋಗ, ಕುಡಿತ, ನೋಡಿಕೊಳ್ಳುವವರಿಲ್ಲದ ಮುಪ್ಪು. ಒಂದು ಪೊಟ್ಟಣ ಚಿತ್ರಾನ್ನಕ್ಕಾಗಿ ಯಾರೂ ಮನೆ ಬಿಟ್ಟು ಬರುವುದಿಲ್ಲ.

ಆದ್ದರಿಂದ ಇವತ್ತಿನ ಹಸಿವಿಗೆ ಇವತ್ತೇ ಅನ್ನ ಕೊಡುವುದು ಸರಿ. 2017ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟು ದೊಡ್ಡ ಉಪಕಾರ ಮಾಡಿತು. ಆದರೆ ಜ್ವರದಿಂದ ಎದ್ದು ನಡೆಯಲಾಗದವರಿಗೆ, ಕೈಯಲ್ಲಿ ಬಿಡಿಗಾಸೂ ಇಲ್ಲದವರಿಗೆ ಆ ಬಾಗಿಲೂ ದೂರವೇ. ಅವರಿದ್ದಲ್ಲಿಗೆ ಅನ್ನ ಒಯ್ಯುವವರು ಬೇಕು.

ಹಂಚುವವರೂ ಯೋಚಿಸಬೇಕಾದದ್ದಿದೆ. ಕೊಡುಗೆ ಹಲವು ಸಲ ಕೊಡುವವರ ಅನುಕೂಲಕ್ಕೆ ತಕ್ಕಂತೆ ನಡೆಯುತ್ತದೆ. ಹಬ್ಬ, ಹುಟ್ಟುಹಬ್ಬಗಳಂದು ಒಂದೇ ಮೇಲ್ಸೇತುವೆಯ ಕೆಳಗೆ ಪೊಟ್ಟಣಗಳು ರಾಶಿ ಬೀಳುತ್ತವೆ, ಮರುದಿನ ಅತ್ತ ಯಾರೂ ಸುಳಿಯುವುದಿಲ್ಲ. ಡಿಸೆಂಬರಿನಲ್ಲಿ ಕಂಬಳಿ ಕೊಡುತ್ತೇವೆ. ಹಗಲು ಅದನ್ನು ಎಲ್ಲಿಡಬೇಕೆಂದು ಕೇಳುವುದಿಲ್ಲ. ಮಳೆಗಾಲದಲ್ಲಿ ಬೇಕಾದ ಟಾರ್ಪಾಲ್, ಹೆಂಗಸರಿಗೆ ಬೇಕಾದ ಪ್ಯಾಡು, ಕಾಲಿನ ಹುಣ್ಣಿಗೆ ಬೇಕಾದ ಮುಲಾಮು ಅವರನ್ನೇ ವಿಚಾರಿಸದೆ ನಮಗೆ ಹೊಳೆಯುವುದಿಲ್ಲ.

ಸೂರಿನ ಹೊಣೆ ಸರ್ಕಾರದ್ದು. 2011ರ ಜನಗಣತಿ ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ವಸತಿರಹಿತರನ್ನು ಎಣಿಸಿತು. ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ತೆರೆದಿರುವ ಆಶ್ರಯ ಕೇಂದ್ರಗಳು ಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತು. ಇನ್ನೊಂದೆಡೆ, ಕರ್ನಾಟಕದ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಬೇಡುವವರನ್ನು ಹಿಡಿದು ಕೂಡಿಡಬೇಕಾದವರಂತೆ ನೋಡುತ್ತದೆ. ಆಸ್ತಿ ತೆರಿಗೆಯ ಜೊತೆಗೆ ನಾವು ಭಿಕ್ಷುಕರ ಉಪಕರವನ್ನೂ ಕಟ್ಟುತ್ತೇವೆ. ಹಾಗಾಗಿ ಆ ಹಣ ಬೀದಿಯ ಮನುಷ್ಯನನ್ನು ಹೇಗೆ ತಲುಪುತ್ತಿದೆ ಎಂದು ಕೇಳುವ ಹಕ್ಕು ನಮಗಿದೆ.

ಆ ಪ್ರಶ್ನೆಯನ್ನು ಆಧಾರಸಹಿತ ಕೇಳಬಲ್ಲವರು ಸ್ವಯಂಸೇವಕರು. ವಾರವಾರ ಅದೇ ಬೀದಿಗೆ ಹೋಗುವವರಿಗೆ ಜನರ ಹೆಸರು ಗೊತ್ತಾಗುತ್ತದೆ, ನಂಬಿಕೆ ಹುಟ್ಟುತ್ತದೆ. ಯಾರ ಆಧಾರ್ ಕಳೆದಿದೆ, ವಿಳಾಸವಿಲ್ಲದೆ ಯಾರಿಗೆ ಪಡಿತರ ಚೀಟಿ ಆಗಿಲ್ಲ, ಯಾವ ಅಜ್ಜಿಗೆ ಪಿಂಚಣಿ ಬರಬೇಕು ಎಂಬುದು ತಿಳಿಯುತ್ತದೆ. ಆಶ್ರಯ ಕೇಂದ್ರವಿದ್ದರೂ ಏಕೆ ಹೋಗುವುದಿಲ್ಲವೆಂಬುದಕ್ಕೆ ಉತ್ತರವೂ ಸಿಗುತ್ತದೆ: ಗಂಡ ಹೆಂಡತಿ ಒಟ್ಟಿಗೆ ಇರುವಂತಿಲ್ಲ, ಕೂಲಿ ಸಿಗುವ ಜಾಗ ದೂರ, ಗಂಟುಮೂಟೆ ಇಡಲು ಬೀಗದ ಪೆಟ್ಟಿಗೆಯಿಲ್ಲ. ಇವೆಲ್ಲ ಪಾಲಿಕೆ ಮನಸ್ಸು ಮಾಡಿದರೆ ಸರಿಪಡಿಸಬಹುದಾದ ಕೊರತೆಗಳು.

ಆದ್ದರಿಂದ ಊಟ ಹಂಚುವ ಪ್ರತಿ ಗುಂಪೂ ಇನ್ನೆರಡು ಕೆಲಸ ವಹಿಸಿಕೊಳ್ಳಬೇಕು. ಪರಿಚಯವಾದವರ ಜೊತೆ ಕಚೇರಿಗೆ, ಆಸ್ಪತ್ರೆಗೆ ನಡೆದು ಹೋಗಬೇಕು. ಬೀದಿಯಲ್ಲಿ ಕಂಡದ್ದನ್ನು ಬರೆದಿಟ್ಟು ಪಾಲಿಕೆಯ ಮುಂದಿಟ್ಟು ಉತ್ತರ ಕೇಳಬೇಕು. ಅನ್ನದಿಂದ ಸಂಪಾದಿಸಿದ ನಂಬಿಕೆಯನ್ನು ಅಷ್ಟು ದೂರ ಒಯ್ಯದಿದ್ದರೆ, ನಾಳೆಯೂ ಅದೇ ಮನುಷ್ಯ ಅದೇ ಪೊಟ್ಟಣಕ್ಕೆ ಕಾಯಬೇಕಾದ ಸ್ಥಿತಿಯನ್ನು ನಾವೂ ಒಪ್ಪಿಕೊಂಡಂತೆಯೇ.